ಕವೆಕೋಲಿಗೆ ಕೊಟ್ಟ ಸೊನ್ನೆ

ಒಂಬತ್ತನೇ ತರಗತಿಗೆ ಕೆಲಸ ಮತ್ತು ಶಕ್ತಿಯ ಪಾಠ ಮಾಡುವಾಗ ನನಗೆ ಬರುವ ಹುರುಪು ಬೇರೆ ಯಾವ ಪಾಠಕ್ಕೂ ಬರುವುದಿಲ್ಲ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಹದಿನಾಲ್ಕು ವರ್ಷವೂ ಆ ಪಾಠದ ಮೊದಲ ದಿನ ಗಟ್ಟಿಮುಟ್ಟಾದ ಹುಡುಗಿಯೊಬ್ಬಳನ್ನು ಎಬ್ಬಿಸಿ, ಹೋಗಿ ಗೋಡೆ ತಳ್ಳು ಎಂದಿದ್ದೇನೆ. ಅವಳು ಮುಖ ಕೆಂಪಗಾಗುವವರೆಗೆ ತಳ್ಳುತ್ತಾಳೆ. ಅವಳು ಬೆವರು ಒರೆಸಿಕೊಳ್ಳುತ್ತಿರುವಾಗ ನಾನು ಬೋರ್ಡಿನ ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಸೊನ್ನೆ ಬರೆದು, ಇದು ನೀನು ಮಾಡಿದ ಕೆಲಸ ಎನ್ನುತ್ತೇನೆ. ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಬಲ ಹಾಕಿದ್ದು ನಿಜ, ಆದರೆ ಗೋಡೆ ಕದಲಲಿಲ್ಲವಲ್ಲ; ಬಲ ಹಾಕಿದ ವಸ್ತು ಬಲದ ದಿಕ್ಕಿಗೆ ಸರಿದರೆ ಮಾತ್ರ ಅದು ಕೆಲಸ, ಭೌತಶಾಸ್ತ್ರಕ್ಕೆ ನಿಮ್ಮ ಬೆವರು ಕಾಣುವುದಿಲ್ಲ ಎಂದು ನಾನು ಗತ್ತಿನಿಂದ ಹೇಳುತ್ತೇನೆ. ಆ ಗತ್ತು ಇಳಿದದ್ದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಯಾವ ದೊಡ್ಡ ಊಟವಾದರೂ ರಾಗಿಮುದ್ದೆ ಇರಲೇಬೇಕು. ನಮ್ಮ ಕಡೆ ಅದಕ್ಕೆ ಹಿಟ್ಟು ಎಂದೇ ಹೆಸರು. ನಾಲ್ಕು ಜನರ ಹಿಟ್ಟಾದರೆ ಒಬ್ಬಳೇ ಹೇಗೋ ತಿರುವಿಬಿಡಬಹುದು. ಅರವತ್ತು ಜನರಿಗೆ ಆಗುವ ಡಬರಿ, ಅಂದರೆ ಅಗಲ ಬಾಯಿಯ ದೊಡ್ಡ ಪಾತ್ರೆಯಾದರೆ ಇಬ್ಬರು ಬೇಕು. ಒಬ್ಬರು ಎದೆಯೆತ್ತರದ ಕೋಲು ಹಿಡಿದು ಹಿಟ್ಟು ತಿರುವುತ್ತಾರೆ. ಇನ್ನೊಬ್ಬರು ಎದುರಿಗೆ ನಿಂತು ಕವೆಕೋಲಿನಿಂದ ಡಬರಿಯನ್ನು ಒತ್ತಿ ಹಿಡಿಯುತ್ತಾರೆ. ಕವೆಕೋಲು ಎಂದರೆ ತುದಿಯಲ್ಲಿ ಎರಡಾಗಿ ಕವಲೊಡೆದ ಗಟ್ಟಿ ಮರದ ಕೋಲು. ಆ ಕವಲು ಡಬರಿಯ ಹಿಡಿಕೆಗೆ ಸರಿಯಾಗಿ ಕೂರುತ್ತದೆ. ನಮ್ಮ ಮನೆತನದಲ್ಲಿ ಮೂವತ್ತೈದು ವರ್ಷದಿಂದ ತಿರುವುತ್ತಾ ಬಂದವರು ನನ್ನ ದೊಡ್ಡತ್ತೆ ರುಕ್ಮಿಣಮ್ಮ. ಹಿಡಿಯುತ್ತಾ ಬಂದವರು ಅವರ ವಾರಗಿತ್ತಿ ಹನುಮಮ್ಮ, ಅಂದರೆ ನನ್ನ ಅತ್ತೆ. ಉಂಡವರೆಲ್ಲ ರುಕ್ಮಿಣಮ್ಮನ ಹಿಟ್ಟು ಎಂದೇ ಹೊಗಳುತ್ತಿದ್ದರು. ಹನುಮಮ್ಮನ ಹೆಸರು ಆ ಮಾತಿನಲ್ಲಿ ಬಂದದ್ದು ನಾನು ಕೇಳಿಲ್ಲ. ಬರಲಿ ಎಂದು ಅತ್ತೆ ಆಸೆಪಟ್ಟಂತೆಯೂ ಕಾಣಲಿಲ್ಲ.

ಈ ವರ್ಷ ನನ್ನ ನಾದಿನಿ ಇಂದುವಿಗೆ ಮದುವೆ ಗೊತ್ತಾಯಿತು. ಹುಡುಗ ಹಗರೆಯವನು, ಹೆಸರು ರಘು, ಪಶು ಆಸ್ಪತ್ರೆಯಲ್ಲಿ ಕೆಲಸ. ಮದುವೆ ಬುದ್ಧ ವಂದನೆ, ಪಂಚಶೀಲ ಹೇಳಿಸಿ ಸರಳವಾಗಿ ಮಾಡುವುದು, ಅದರ ನಂತರದ ಭಾನುವಾರ ನಮ್ಮ ಹಿತ್ತಲಲ್ಲಿ ಮುನ್ನೂರು ಜನರಿಗೆ ಬೀಗರ ಊಟ ಹಾಕುವುದು ಎಂದು ಮಾತಾಯಿತು. ಅಷ್ಟರಲ್ಲಿ ದೊಡ್ಡತ್ತೆಯ ಬಲಭುಜ ಮೇಲೇಳದಂತಾಯಿತು. ಹಾಸನದ ಡಾಕ್ಟರು ಇನ್ನು ಮೇಲೆ ಕೋಲು ಮುಟ್ಟಕೂಡದು ಎಂದುಬಿಟ್ಟರು. ಹಿಟ್ಟಿನ ಬದಲು ಅನ್ನ ಮಾಡಿಸಿದರಾಯಿತು ಎಂದು ನನ್ನ ಗಂಡ ಧರ್ಮೇಶ್ ಒಂದು ಮಾತು ಹೇಳಿದ್ದಕ್ಕೆ ದೊಡ್ಡತ್ತೆ ಎರಡು ದಿನ ಅವನೊಂದಿಗೆ ಮಾತು ಬಿಟ್ಟರು. ಮಟನ್ ಸಾರಿನ ಪಕ್ಕ ಹಿಟ್ಟಿಲ್ಲದೆ ಬೀಗರ ಮುಂದೆ ಎಲೆ ಹಾಕುವುದನ್ನು ಅವರಿಗೆ ನೆನೆಸಿಕೊಳ್ಳುವುದಕ್ಕೂ ಆಗಲಿಲ್ಲ.

ಆಗ ನನ್ನ ಮೈದುನ ಮಧುಕುಮಾರ್ ಮೀಸೆ ಸವರಿಕೊಂಡು ಎದ್ದು ನಿಂತ. ಅವನು ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಹೇಳುವವನು. ಹಿಟ್ಟು ತಿರುವುವ ಮಿಷನ್ನು ನಾನೇ ಮಾಡುತ್ತೇನೆ, ಆದರೆ ಎಷ್ಟು ಶಕ್ತಿಯ ಮೋಟಾರು ಬೇಕು ಎಂದು ಲೆಕ್ಕ ಹಾಕಿ ಕೊಡಬೇಕಾದವರು ಅತ್ತಿಗೆ ಎಂದ. ನಾನು ಉಬ್ಬಿಹೋದೆ. ಮನೆಯಲ್ಲಿ ನನ್ನ ವಿಜ್ಞಾನವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಮದುವೆಗೆ ಇನ್ನೂ ಬಹಳ ದಿನವಿರುವಾಗಲೇ ಒಂದು ಭಾನುವಾರ ಸಣ್ಣದೊಂದು ಡಬರಿ ಒಲೆಗಿಟ್ಟೆವು. ನೋವು ಕಡಿಮೆಯಾದ ದಿನ ನೋಡಿ ದೊಡ್ಡತ್ತೆ ಎರಡೇ ನಿಮಿಷ ತಿರುವಲು ಒಪ್ಪಿದ್ದರು. ಅತ್ತೆ ಎಂದಿನಂತೆ ಕವೆಕೋಲು ಹಿಡಿದು ಎದುರು ನಿಂತರು. ಕೋಲಿನ ತಲೆಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದ್ದೆ. ದೊಡ್ಡತ್ತೆ ತಕ್ಕಡಿಯನ್ನು ಹಿಡಿದು ಕೋಲನ್ನು ಎಳೆದಾಗ ಮುಳ್ಳು ಹತ್ತಕ್ಕೂ ಹದಿನಾಲ್ಕಕ್ಕೂ ನಡುವೆ ಕುಣಿಯಿತು. ಹನ್ನೆರಡು ಕೆಜಿ ಎಂದು ಹಿಡಿದೆ, ಅಂದರೆ ಸುಮಾರು ನೂರಿಪ್ಪತ್ತು ನ್ಯೂಟನ್ ಬಲ. ಒಂದು ಸುತ್ತಿಗೆ ಕೈ ಒಂದೂವರೆ ಮೀಟರು ಸಾಗುತ್ತಿತ್ತು. ಬಲವನ್ನು ದೂರದಿಂದ ಗುಣಿಸಿದರೆ ಸುತ್ತಿಗೆ ನೂರೆಂಬತ್ತು ಜೌಲ್ ಕೆಲಸ. ಒಂದು ಸುತ್ತಿಗೆ ಎರಡು ಸೆಕೆಂಡು. ಅಲ್ಲಿಗೆ ಸೆಕೆಂಡಿಗೆ ತೊಂಬತ್ತು ಜೌಲ್, ಅದನ್ನೇ ತೊಂಬತ್ತು ವ್ಯಾಟ್ ಸಾಮರ್ಥ್ಯ ಎನ್ನುವುದು.

ನಿಮ್ಮ ಕೈಯಲ್ಲಿ ಒಂದು ಸೀಲಿಂಗ್ ಫ್ಯಾನು ಓಡುತ್ತದೆ ದೊಡ್ಡತ್ತೆ ಎಂದೆ. ಅವರಿಗೆ ಭುಜದ ನೋವೇ ಮರೆತುಹೋಯಿತು. ಸಂಜೆಯೊಳಗೆ ಬೀದಿಗೆಲ್ಲ ತಾವು ತೊಂಬತ್ತು ವ್ಯಾಟಿನ ಹೆಂಗಸು ಎಂದು ಸಾರಿಕೊಂಡು ಬರುವಷ್ಟು ಖುಷಿಯಾಯಿತು.

ನಾವೆಲ್ಲ ನಗುತ್ತಿರುವಾಗ ಅತ್ತೆ ಕವೆಕೋಲು ಹಿಡಿದೇ ನಿಂತಿದ್ದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಒಂಚೂರು ಸಂಕೋಚದಿಂದ ಕೇಳಿದರು.

"ಮಂಜುಳಾ, ನಂದೆಷ್ಟಾಯ್ತು?"

ನಾನು ಯೋಚಿಸಲೇ ಇಲ್ಲ. ತರಗತಿಯ ಚಟ ಬಾಯಿಗೆ ಬಂದುಬಿಟ್ಟಿತು.

"ನಿಮ್ಮದು ಸೊನ್ನೆ ಅತ್ತೆ. ಡಬರಿ ಅಲುಗಲೇ ಇಲ್ವಲ್ಲ."

ಮಧುಕುಮಾರ್ ಗೊಳ್ಳೆಂದು ನಕ್ಕ. ದೊಡ್ಡತ್ತೆಯೂ ನಕ್ಕರು. ನಾನೂ ನಕ್ಕೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅತ್ತೆ ಕವೆಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ತಂದದ್ದು.

"ಹಂಗಾರೆ ಬೀಗರ ಊಟದ ದಿಸ ನಾನು ಒಲೆತಾವ ಬರಾಕಿಲ್ಲ. ಸೊನ್ನೆ ಮಾಡೋಕೆ ಅಷ್ಟು ದೂರ ಯಾಕೆ, ಕುರ್ಚಿ ಮ್ಯಾಲೆ ಕೂತ್ಕಂಡೂ ಮಾಡ್ಬೋದು."

ಅಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ. ನನ್ನ ಡಬ್ಬಿಗೆ ಎಂದಿನಂತೆ ಚಟ್ನಿಪುಡಿ ಹಾಕಿ ಕೊಟ್ಟರು, ಸ್ಕೂಟಿ ನಿಧಾನಕ್ಕೆ ಓಡಿಸು ಎಂದು ದಿನವೂ ಹೇಳಿದರು. ಆದರೆ ಮದುವೆಯ ಅಡುಗೆಯ ಮಾತು ಬಂದ ಕೂಡಲೇ ಎದ್ದು ಹೋಗುತ್ತಿದ್ದರು. ಮೊದಲ ಸೊಸೆಯಾಗಿ ನಾನು ಈ ಮನೆಗೆ ಬಂದಾಗ, ಓದಿದ ಹುಡುಗಿ ಪುಸ್ತಕ ಬಿಟ್ಟು ಪಾತ್ರೆ ತಿಕ್ಕುವುದು ಬೇಡ ಎಂದು ಬಿ.ಎಡ್. ಮುಗಿಸಲು ಕಳಿಸಿದವರು ಇವರೇ. ನನ್ನ ವಿಜ್ಞಾನದ ಮೊದಲ ಏಟು ಬಿದ್ದದ್ದು ಅವರಿಗೇ ಎನ್ನುವುದು ನನ್ನನ್ನು ಚುಚ್ಚುತ್ತಿತ್ತು. ಅವರು ಮತ್ತೆ ಒಲೆಯ ಬಳಿ ಬಂದು ನಿಲ್ಲಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ಸಂಜೆ ಹತ್ತಿರ ಕೂತು ತಿದ್ದುಪಡಿ ಮಾಡಲು ಹೊರಟೆ. ಕೈ ಅಲುಗದಿದ್ದರೂ ಸ್ನಾಯುಗಳ ಒಳಗೆ ಶಕ್ತಿ ಖರ್ಚಾಗುತ್ತದೆ, ಅದು ಶಾಖವಾಗಿ ಹೋಗುತ್ತದೆ, ಅದಕ್ಕೇ ಸುಸ್ತಾಗುವುದು, ಆದರೆ ಡಬರಿಯ ಮೇಲೆ ನಡೆದ ಕೆಲಸ ಎಂದು ಲೆಕ್ಕ ಹಾಕಿದರೆ ಮಾತ್ರ... ಎಂದು ಅರ್ಧಕ್ಕೇ ನಿಲ್ಲಿಸಿದೆ. ಅತ್ತೆ ಹುರುಳಿಕಾಯಿ ಬಿಡಿಸುತ್ತಾ ತಾಳ್ಮೆಯಿಂದ ಕೇಳಿದರು. ಕೊನೆಗೆ, ಅಂದರೆ ಈಗಲೂ ಸೊನ್ನೆಯೇ ತಾನೇ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಾಯಕ್ಕೆ ಉಪ್ಪು ಸವರಿ ಎದ್ದು ಬಂದ ಹಾಗಾಯಿತು.

ಇತ್ತ ಮಿಷನ್ನು ತಯಾರಾಗುತ್ತಿತ್ತು. ಹಳೆಯ ಗ್ರೈಂಡರಿನ ಅರ್ಧ ಎಚ್‌ಪಿ ಮೋಟಾರು, ಬೈಕಿನ ಚೈನು, ಮೋಟಾರಿನ ಓಟವನ್ನು ಹಿಟ್ಟಿನ ನಡಿಗೆಗೆ ಇಳಿಸಲು ಚಿಕ್ಕ ದೊಡ್ಡ ಹಲ್ಲುಚಕ್ರಗಳು. ಇವೆಲ್ಲ ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟಿನ ಮೇಲೆ. ಒಲೆಯ ಮೇಲಿನ ಡಬರಿಗೆ ಅಡ್ಡಲಾಗಿ ಚೌಕಟ್ಟು ನಿಲ್ಲಿಸಿದರೆ ನಡುವಿನಿಂದ ಮರದ ಕೋಲು ಕೆಳಗಿಳಿಯುತ್ತಿತ್ತು. ಮಧುಕುಮಾರ್ ನಕ್ಷೆ ತಂದು ನನ್ನ ಮುಂದೆ ಹಿಡಿದಾಗ ಅತ್ತೆಯೂ ಬಗ್ಗಿ ನೋಡಿದರು. ಡಬರಿ ಯಾರು ಹಿಡಿಯುತ್ತಾರೆ ಎಂದು ಒಂದೇ ಮಾತು ಕೇಳಿದರು. ಹಿಡಿಯುವುದು ಕೆಲಸವಲ್ಲ ಕಣವ್ವ, ಅತ್ತಿಗೆಯೇ ಹೇಳಿದ್ದಾರಲ್ಲ, ಕೆಲಸವಲ್ಲದ್ದನ್ನು ನಕ್ಷೆಯಲ್ಲಿ ಹಾಕುವುದಿಲ್ಲ ಎಂದ ಮಧುಕುಮಾರ್. ಅತ್ತೆ ಒಳಗೆ ಹೋದರು. ನಾನು ಪರೀಕ್ಷೆಯ ಪೇಪರು ತಿದ್ದುವ ಕೆಂಪು ಪೆನ್ನಿನಿಂದ ನಕ್ಷೆಯ ಮೂಲೆಯಲ್ಲಿ ಸರಿ ಎಂದು ಗುರುತು ಹಾಕಿ ಕೊಟ್ಟೆ.

ಐಟಿಐನ ವರ್ಕ್‌ಶಾಪಿನಲ್ಲಿ ಪರೀಕ್ಷೆಯೂ ನಡೆಯಿತು. ರಾಗಿ ಹಾಳು ಮಾಡುವುದು ಬೇಡವೆಂದು ಡ್ರಮ್ಮಿಗೆ ಕೆರೆಯ ಜೇಡಿಮಣ್ಣು ಕಲಸಿ ತುಂಬಿದ್ದರು. ಜಾಗ ಸಾಲದೆ ಡ್ರಮ್ಮನ್ನು ಗೋಡೆಗೂ ಕಬ್ಬಿಣದ ಮೇಜಿಗೂ ನಡುವೆ ಸಿಕ್ಕಿಸಿದ್ದರು. ಮಿಷನ್ನು ಮಣ್ಣನ್ನು ಹದವಾಗಿ ತಿರುವಿತು. ಮೀಟರು ಇನ್ನೂರು ವ್ಯಾಟ್ ತೋರಿಸುತ್ತಿತ್ತು. ಅದರಲ್ಲಿ ಮಣ್ಣಿಗೆ ತಲುಪುತ್ತಿದ್ದದ್ದು ತೊಂಬತ್ತು. ಉಳಿದದ್ದು ಚೈನಿನ ಕಟಕಟಕ್ಕೂ ಮೋಟಾರಿನ ಬಿಸಿಗೂ ಹೋಗುತ್ತಿತ್ತು. ಕೊಟ್ಟದ್ದರಲ್ಲಿ ಕೆಲಸಕ್ಕೆ ಬಂದದ್ದೆಷ್ಟು ಎನ್ನುವುದೇ ದಕ್ಷತೆ, ಇದರ ದಕ್ಷತೆ ನೂರಕ್ಕೆ ನಲವತ್ತೈದು ಎಂದು ಲೆಕ್ಕ ಹೇಳಿದೆ. ಪಾಸಾಯಿತಲ್ಲ, ಸಾಕು ಬಿಡಿ ಅತ್ತಿಗೆ ಎಂದ ಮಧುಕುಮಾರ್. ದೊಡ್ಡತ್ತೆ ಮೋಟಾರಿಗೆ ಸೇವಂತಿಗೆ ಹೂ ಮುಡಿಸಿದರು. ಚೌಕಟ್ಟಿನ ಮೇಲೆ ಹಸಿರು ಬಣ್ಣದಲ್ಲಿ ರುಕ್ಮಿಣಿ ಎಂದು ಬರೆಸಿದ್ದು ನೋಡಿ ಅವರಿಗೆ ಕಣ್ಣು ತುಂಬಿ ಬಂತು.

ಮದುವೆ ಸರಳವಾಗಿ ಮುಗಿದು ಬೀಗರ ಊಟದ ದಿನ ಬಂದೇಬಿಟ್ಟಿತು. ಹಿತ್ತಲಲ್ಲಿ ಶಾಮಿಯಾನ, ತೆಂಗಿನಮರದ ನೆರಳಲ್ಲಿ ಕಲ್ಲಿಟ್ಟು ಹೂಡಿದ ಮೂರು ಒಲೆ. ಎರಡು ಒಲೆಯಲ್ಲಿ ಅಡುಗೆಯ ಗಂಗಯ್ಯನ ಸಾರು ಕುದಿದು ಬೀದಿಯ ನಾಯಿಗಳನ್ನೆಲ್ಲ ಕರೆದಿತ್ತು. ಮೂರನೆಯದು ಹಿಟ್ಟಿಗೆ. ನಲವತ್ತೈದು ಕೆಜಿ ರಾಗಿಹಿಟ್ಟನ್ನು ಐದು ಡಬರಿಯಲ್ಲಿ ತಿರುವಬೇಕಿತ್ತು. ಹಿಟ್ಟು ಬಿಸಿಯಾಗಿ ಎಲೆಗೆ ಬೀಳಬೇಕಾದ್ದರಿಂದ, ಬೀಗರ ಬಸ್ಸು ಜಾವಗಲ್ ದಾಟಿತು ಎಂದು ಅದೇ ಬಸ್ಸಿನಲ್ಲಿ ಬರುವ ನಾದಿನಿ ಇಂದು ಫೋನು ಮಾಡಿದ ಮೇಲೆ ಶುರು ಮಾಡುವುದೆಂದು ಗೊತ್ತಾಗಿತ್ತು.

ಅತ್ತೆ ಮಾತಿಗೆ ತಪ್ಪಲಿಲ್ಲ. ಹೊಸ ರೇಷ್ಮೆ ಸೀರೆ ಉಟ್ಟು, ಮುಂಬಾಗಿಲ ಚಪ್ಪರದಡಿ ಮಾವ ಹೊನ್ನಯ್ಯನವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬಂದವರೆಲ್ಲ, ಇವತ್ತಾದರೂ ಹೊಗೆಯಿಂದ ಬಿಡುಗಡೆ ಸಿಕ್ಕಿತಲ್ಲ ಹನುಮಮ್ಮ ಎಂದು ಹೇಳಿ ಹೋಗುತ್ತಿದ್ದರು. ಅತ್ತೆ ನಗುತ್ತಿದ್ದರು, ಆದರೆ ಕೈಗಳು ಸುಮ್ಮನಿರಲಿಲ್ಲ. ಬಲ ಅಂಗೈ ಎಡ ಅಂಗೈಯನ್ನು ಉಜ್ಜುತ್ತಲೇ ಇತ್ತು. ಅವರಿಗೆ ಕಾಫಿ ಕೊಟ್ಟು ನಾನು ಹಿತ್ತಲಿಗೆ ಹೊರಟೆ.

ಹನ್ನೆರಡು ದಾಟಿದ ಮೇಲೆ ಫೋನು ಬಂತು. ಮಧುಕುಮಾರ್ ಸ್ವಿಚ್ಚು ಒತ್ತಿದ. ಕುದಿಯುತ್ತಿದ್ದ ನೀರಿಗೆ ಒಂಬತ್ತು ಕೆಜಿ ಹಿಟ್ಟು ಸುರಿದೆವು. ಮೊದಲು ತೆಳ್ಳಗಿದ್ದಾಗ ಕೋಲು ಚೆನ್ನಾಗಿಯೇ ಸುತ್ತಿತು. ಸೇರಿದ್ದ ನೆಂಟರು ಶಿಳ್ಳೆ ಹೊಡೆದರು. ದೊಡ್ಡತ್ತೆ ಮಣೆಯ ಮೇಲೆ ಕೂತು ಸಾರಥಿಯ ಹಾಗೆ ಕೈ ಬೀಸುತ್ತಿದ್ದರು. ಆಮೇಲೆ ಹಿಟ್ಟು ಗಟ್ಟಿಯಾಗತೊಡಗಿತು. ಗಟ್ಟಿಯಾದ ಹಿಟ್ಟು ಕೋಲನ್ನು ಅಪ್ಪಿಕೊಂಡಿತು, ಡಬರಿ ಹಿಟ್ಟನ್ನು ಅಪ್ಪಿಕೊಂಡಿತು, ಮೂರೂ ಸೇರಿ ಒಲೆಯ ಕಲ್ಲಿನ ಮೇಲೆ ಗರಗರನೆ ಸುತ್ತತೊಡಗಿದವು.

ಯಾರಿಗೂ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಡಬರಿ ಜಾತ್ರೆಯ ತೊಟ್ಟಿಲಿನಂತೆ ಗಂಭೀರವಾಗಿ ತಿರುಗುತ್ತಿತ್ತು, ಒಳಗಿನ ಹಿಟ್ಟು ಹಾಯಾಗಿ ಅದರ ಜೊತೆ ಸವಾರಿ ಮಾಡುತ್ತಿತ್ತು. ಶಕ್ತಿ ಸಾಲದೆಂದು ತಿಳಿದು ಮಧುಕುಮಾರ್ ವೇಗ ಹೆಚ್ಚಿಸಿದ. ಡಬರಿ ಇನ್ನೂ ಜೋರಾಗಿ ತಿರುಗಿತು. ಸುತ್ತ ನಿಂತವರು ಹಾರಿ ಹಿಂದೆ ಸರಿದರು. ಮೋಟಾರು ಕರೆಂಟು ಕುಡಿಯುತ್ತಿತ್ತು, ಚೈನು ಕಟಕಟ ಎನ್ನುತ್ತಿತ್ತು, ಆದರೆ ಹಿಟ್ಟಿಗೆ ಒಂದು ಜೌಲ್ ಕೂಡ ತಲುಪುತ್ತಿರಲಿಲ್ಲ. ನಾನು ಲೆಕ್ಕ ಹಾಕಿ ಕೊಟ್ಟ ನಲವತ್ತೈದು ನನ್ನ ಕಣ್ಣೆದುರೇ ಇಳಿದು ಸೊನ್ನೆಯಾಗಿತ್ತು.

ಮಿಷನ್ನು ನಿಲ್ಲಿಸಿ ಗಂಡಸರು ಮುಂದೆ ಬಂದರು. ಧರ್ಮೇಶ್ ಗೋಣಿಚೀಲ ಸುತ್ತಿ ಹಿಡಿಕೆ ಹಿಡಿಯಲು ಹೋಗಿ, ಬಿಸಿ ತಾಳದೆ ಕೈ ಕೊಡವುತ್ತಾ ಬಂದ. ಇನ್ನೊಬ್ಬರು ಹಾರೆ ಅಡ್ಡ ಇಟ್ಟರು. ಮಿಷನ್ನು ಶುರುವಾದ ಕೂಡಲೇ ಹಾರೆ ಜಾರಿ ಡಬರಿ ವಾಲಿತು, ಗಂಗಯ್ಯ ಹೌಹಾರಿ ನಿಲ್ಲಿಸಿ ಎಂದು ಕೂಗಿಕೊಂಡ. ದೊಡ್ಡತ್ತೆ ಒಂದೇ ಕೈಯಲ್ಲಾದರೂ ತಿರುವುತ್ತೇನೆಂದು ಎದ್ದರು, ನಾವು ಬಿಡಲಿಲ್ಲ. ಅಡಿಯಲ್ಲಿ ಬೆಂಕಿ ಉರಿಯುತ್ತಿತ್ತು, ಒಳಗೆ ಹಿಟ್ಟು ಗಂಟು ಕಟ್ಟುವ ಹೊತ್ತಾಗಿತ್ತು. ಬಾಣಾವರ ದಾಟಿದೆವು, ಎಲ್ಲರಿಗೂ ಹೊಟ್ಟೆ ಚುರುಗುಡುತ್ತಿದೆ ಎಂದು ಇಂದುವಿನ ಫೋನು ಬಂತು.

ನನಗೆ ಡ್ರಮ್ಮು ನೆನಪಾಯಿತು. ಗೋಡೆಗೂ ಮೇಜಿಗೂ ನಡುವೆ ಸಿಕ್ಕಿಸಿದ ಡ್ರಮ್ಮು. ಅಂದು ಮಿಷನ್ನು ಮಣ್ಣು ತಿರುವಿದ್ದು ಗೋಡೆ ಹಿಡಿದುಕೊಂಡಿದ್ದರಿಂದ. ಹದಿನಾಲ್ಕು ವರ್ಷದಿಂದ ನಾನು ಸೊನ್ನೆ ಕೊಡುತ್ತಾ ಬಂದ ಅದೇ ಗೋಡೆ. ಕೋಲು ಒಂದು ಕಡೆಗೆ ಎಷ್ಟು ತಿರುಚುತ್ತದೋ ಅಷ್ಟೇ ತಿರುಚು ಇನ್ನೊಂದು ಕಡೆಗೆ ಯಾರಾದರೂ ಕೊಡದೆ ಹೋದರೆ ಡಬರಿ ನಿಲ್ಲುವುದಿಲ್ಲ, ಡಬರಿ ನಿಲ್ಲದಿದ್ದರೆ ತಿರುವುವವರ ಕೆಲಸವೂ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಂಪು ಪೆನ್ನಿನಲ್ಲಿ ಸರಿ ಎಂದು ಬರೆದಿದ್ದೆ, ಹಿಡಿಯುವವರು ನಕ್ಷೆಯಲ್ಲಿ ಇಲ್ಲದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸೀರೆಯ ನೆರಿಗೆ ಎತ್ತಿಕೊಂಡು ಮುಂಬಾಗಿಲಿಗೆ ಓಡಿದೆ. ನೆಂಟರ ಮುಂದೆ, ಮಾವನವರ ಮುಂದೆ, ಅತ್ತೆಯ ಕುರ್ಚಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತೆ. ಉಸಿರು ಸಿಗುತ್ತಿರಲಿಲ್ಲ.

"ಅತ್ತೆ, ನನ್ನ ಲೆಕ್ಕ ತಪ್ಪಾಗಿತ್ತು. ನೀವು ಹಿಡೀದೆ ಇದ್ರೆ ದೊಡ್ಡತ್ತೆದೂ ಸೊನ್ನೆ."

ಅತ್ತೆ ನನ್ನನ್ನೇ ನೋಡಿದರು.

"ಮಿಸನ್ನಿಂದು?"

"ಅದೂ ಸೊನ್ನೆ. ಅಲ್ಲಿ ಡಬರಿ ಬುಗುರಿ ಥರ ತಿರುಗ್ತಾ ಐತೆ."

ಗಾಬರಿಯಲ್ಲಿ ನನ್ನ ಬಾಯಿಂದಲೂ ಐತೆ ಬಂದದ್ದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ತುಟಿಯಂಚಿನಲ್ಲಿ ನಗೆ ಮೂಡಿತು. ಎದ್ದು ನಿಂತರು, ರೇಷ್ಮೆ ಸೆರಗನ್ನು ಸೊಂಟಕ್ಕೆ ಬಿಗಿದರು, ಕುರ್ಚಿಯ ಹಿಂದಕ್ಕೆ ಬಗ್ಗಿ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಉದ್ದದ್ದೇನನ್ನೋ ಎತ್ತಿಕೊಂಡರು. ಕವೆಕೋಲು. ಬೆಳಿಗ್ಗೆಯಿಂದ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕೂತಿದ್ದರು. ನಕ್ಷೆ ನೋಡಿದ ದಿನವೇ ಅವರಿಗೆ ಇದೆಲ್ಲ ಗೊತ್ತಿತ್ತು. ಯಾರಾದರೂ ಬಂದು ಕರೆಯಲಿ ಎಂದು ಕಾದಿದ್ದರು, ಅಷ್ಟೇ. ಕರೆಯದಿದ್ದರೂ ಮಗಳ ಊಟ ಕೆಡಲು ಬಿಡುತ್ತಿರಲಿಲ್ಲ ಎಂದು ಆ ಟವೆಲ್ಲು ನೋಡಿದಾಗಲೇ ನನಗೆ ತಿಳಿಯಿತು. ಅಲ್ಲೇ ಅಳು ಬಂತು, ನಗುವೂ ಬಂತು.

ಅತ್ತೆ ಒಲೆಯ ಬಳಿ ಹೋಗುತ್ತಲೇ ಗಂಡಸರು ದಾರಿ ಬಿಟ್ಟರು. ಉರಿ ತಗ್ಗಿಸಲು ಹೇಳಿದರು, ಒಲೆಯಿಂದ ಉರಿಯುವ ಎರಡು ತೆಂಗಿನ ಮಟ್ಟೆ ಹೊರಗೆ ಎಳೆಸಿದರು. ಡಬರಿಯನ್ನು ಕಲ್ಲಿನ ಮೇಲೆ ಸರಿಯಾಗಿ ಕೂರಿಸಿ, ಕವೆಯನ್ನು ಹಿಡಿಕೆಗೆ ಕೊಟ್ಟು, ಕೋಲಿನ ಬುಡವನ್ನು ಸೊಂಟಕ್ಕೆ ಒತ್ತಿಕೊಂಡು, ಎಡಗಾಲು ಹಿಂದಿಟ್ಟು ನಿಂತರು. ಅವರು ಹೀಗೆ ನಿಲ್ಲುತ್ತಾರೆ ಎಂಬುದನ್ನೇ ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ.

"ಈಗ ಬಿಡು ಕಣ್ಲಾ ಮಧು. ಮೆಲ್ಲಗೆ. ನಿಮ್ಮ ದೊಡ್ಡವ್ವ ತಿರುವ್ದಂಗೆ ತಿರುವ್ಬೇಕು."

ಮೋಟಾರು ಗುನುಗಿತು, ಕೋಲು ಕದಲಿತು. ಡಬರಿ ನೆಟ್ಟ ಕಲ್ಲಿನ ಹಾಗೆ ನಿಂತಿತ್ತು. ಅತ್ತೆಯ ಮುಂಗೈ ನರಗಳು ಎದ್ದವು, ಹಿಂದಿಟ್ಟ ಕಾಲಿನ ಹೆಬ್ಬೆರಳು ಮಣ್ಣಿಗೆ ಇಳಿಯಿತು, ಮುಖ ಮಾತ್ರ ಬಿಚ್ಚಿದ ಹೂವಾಯಿತು. ಹಿಟ್ಟು ಒಡೆಯಿತು, ಮಗುಚಿತು, ಹೊಳೆಯಿತು. ಗಂಟುಗಳೆಲ್ಲ ಮಾಯವಾದವು. ದೊಡ್ಡತ್ತೆ ಮಣೆಯ ಮೇಲಿಂದ, ಈಗ ಬಿಸಿನೀರು ಎಂದರು, ಇನ್ನೊಂಚೂರು ಎಂದರು, ಸಾಕು ಎಂದರು. ಅತ್ತೆ ಮಿಷನ್ನಿನ ಸದ್ದಿಗೆ ತಕ್ಕಂತೆ ಮೈ ಒರಗಿಸುತ್ತಾ, ಸಡಿಲಿಸುತ್ತಾ ಹಿಡಿದರು. ರಾಗಿಯ ಹದವಾದ ಕಂಪು ಹಿತ್ತಲ ತುಂಬ ಹರಡಿತು. ಮೊದಲ ಡಬರಿ ಇಳಿದಾಗ ಜನ ಚಪ್ಪಾಳೆ ತಟ್ಟಿದ್ದು ಮನೆಯ ಪಕ್ಕದ ಹಳಿಯಲ್ಲಿ ಓಡುವ ರೈಲಿನ ಸದ್ದಿಗಿಂತ ಜೋರಾಗಿತ್ತು.

ಎರಡನೇ ಡಬರಿಗೆ ಬೀಗರ ಬಸ್ಸು ಬಂದು ನಿಂತಿತು. ಬೀಗರನ್ನು ಎದುರುಗೊಳ್ಳಬೇಕಾದ ತಾಯಿ ಹೊಗೆಯ ನಡುವೆ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ನಿಂತಿದ್ದಾರೆ. ಹೊಸ ಮದುಮಗಳು ಇಂದು ಚಪ್ಪಲಿ ಬಿಟ್ಟು ಓಡಿ ಬಂದು ಅವ್ವನ ಬೆವರು ಒರೆಸಿದಳು. ಹಗರೆಯವರು ಹಸು ಕಟ್ಟುವ ಜನ, ಹಿಟ್ಟುಂಡು ಬೆಳೆದವರು. ಮಿಷನ್ನು ನೋಡಿ ಬೆರಗಾಗಿ ಸುತ್ತ ನೆರೆದರು. ಐದು ಡಬರಿಯೂ ಇಳಿಯುವವರೆಗೆ ಅತ್ತೆ ಕವೆಕೋಲು ಬೇರೆಯವರ ಕೈಗೆ ಕೊಡಲಿಲ್ಲ. ಮೂರನೇ ಡಬರಿಗೆ ನಾನು ಕೇಳಿದೆ, ಕೊಡಲಿಲ್ಲ.

ಮೊದಲ ಪಂಕ್ತಿಯಲ್ಲಿ ಕೂತ ರಘುವಿನ ತಾಯಿ ಹಿಟ್ಟು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಹಿಟ್ಟೆಂದರೆ ಹೀಗಿರಬೇಕು, ತಿರುವಿದ್ದು ಯಾರು ಎಂದು ಕೇಳಿದರು. ಇಂಥ ಪ್ರಶ್ನೆಗೆ ಮೂವತ್ತೈದು ವರ್ಷ ಒಂದೇ ಉತ್ತರವಿತ್ತು. ಅದೂ ಅಲ್ಲದೆ ಮಿಷನ್ನಿನ ಮೇಲೆ ಹಸಿರು ಬಣ್ಣದಲ್ಲಿ ಹೆಸರು ಬೇರೆ ಇತ್ತು. ದೊಡ್ಡತ್ತೆ ಸಾರಿನ ಸೌಟು ಹಿಡಿದು ಪಂಕ್ತಿಯ ನಡುವೆ ನಿಂತರು.

"ತಿರುವಿದ್ದು ಮಿಸನ್ನು ಕಣ್ರವ್ವ. ನಿಲ್ಸಿದ್ದು ನನ್ನ ವಾರಗಿತ್ತಿ ಹನುಮಿ. ನಂಗೂ ಅವಳೇ ನಿಲ್ಸಿದ್ದು, ಇಷ್ಟು ವರ್ಸ."

ಪಂಕ್ತಿಯೆಲ್ಲ ಅತ್ತೆಯ ಕಡೆ ತಿರುಗಿತು. ಅತ್ತೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಇನ್ನೊಂದು ಹಿಟ್ಟು ಹಾಕಿಸಿಕೊಳ್ಳಿ ಎಂದಷ್ಟೇ ಹೇಳಿದರು. ಅಂದು ಮುನ್ನೂರು ಜನರ ಅಡುಗೆಯಲ್ಲಿ ಹಿಟ್ಟು ಒಂದು ಚೂರೂ ಉಳಿಯಲಿಲ್ಲ.

ಮಾರನೇ ವಾರ ಮಧುಕುಮಾರ್ ಹೊಸ ನಕ್ಷೆ ತಂದ. ಚೌಕಟ್ಟಿನ ಎರಡು ಕಾಲಿಗೆ ಕಬ್ಬಿಣದ ಕವೆ ಬೆಸುಗೆ ಹಾಕಿಸಿ, ಅವು ಡಬರಿಯ ಹಿಡಿಕೆಗಳನ್ನು ಹಿಡಿಯುವಂತೆ ಬರೆದಿದ್ದ. ಈ ಸಲ ಮೊದಲು ಅದನ್ನು ತೋರಿಸಿದ್ದು ನನಗಲ್ಲ, ಅವ್ವನಿಗೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಎಡಗಡೆಯ ಕವೆ ಎರಡು ಬೆರಳು ಕೆಳಗಿರಲಿ ಎಂದರು. ಅದನ್ನು ಹಾಗೇ ಮಾಡಿದ. ರುಕ್ಮಿಣಿ ಎಂದು ಬರೆದ ಕೆಳಗೆ, ಕವೆಗಳ ಮೇಲೆ, ಹನುಮಿ ಎಂದು ಅದೇ ಹಸಿರು ಬಣ್ಣದಲ್ಲಿ ಬರೆಸಿದ. ಮರದ ಕವೆಕೋಲಿಗೆ ಇನ್ನೇನು ಕೆಲಸ ಎಂದು ನಾನು ಅಂದುಕೊಂಡಿದ್ದೆ.

ಆ ಸಂಜೆ ಮನೆಮಂದಿಗೆಲ್ಲ ಹಿಟ್ಟು ತಿರುವುವಾಗ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಈಗ ಹೇಳು, ನಿನ್ನ ಪುಸ್ತಕದಲ್ಲಿ ನಂದೆಷ್ಟು ಎಂದು ಮತ್ತೆ ಕೇಳಿದರು. ನಾನು ತಲೆ ತಗ್ಗಿಸಿ ನಿಜ ಹೇಳಿದೆ. ಪುಸ್ತಕದಲ್ಲಿ ಇವತ್ತಿಗೂ ಸೊನ್ನೆಯೇ ಅತ್ತೆ, ಆದರೆ ಆ ಸೊನ್ನೆ ಇಲ್ಲದೆ ಬೇರೆ ಯಾರ ಲೆಕ್ಕವೂ ಶುರುವಾಗುವುದಿಲ್ಲ ಎಂದು ಮುಂದಿನ ವರ್ಷದಿಂದ ಮಕ್ಕಳಿಗೆ ಹೇಳುತ್ತೇನೆ ಎಂದೆ. ಅತ್ತೆ ಒಲೆಯ ಮೂಲೆಯಿಂದ ಕವೆಕೋಲು ತೆಗೆದು ನನ್ನ ಕೈಗೆ ಕೊಟ್ಟು, ತಾವು ಹಿಟ್ಟಿನ ಕೋಲು ಹಿಡಿದರು.

ಕವೆಯನ್ನು ಹಿಡಿಕೆಗೆ ಕೊಟ್ಟು, ಅವರ ಹಾಗೆಯೇ ಎಡಗಾಲು ಹಿಂದಿಟ್ಟು ನಿಂತೆ. ಅತ್ತೆ ತಿರುವತೊಡಗಿದರು. ಸಣ್ಣ ಪಾತ್ರೆ ಅಷ್ಟೊಂದು ಜಗ್ಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ನಿಮಿಷಕ್ಕೆ ಮೊಣಕೈ ನಡುಗಿ ಹಣೆಯಿಂದ ಬೆವರು ಮೂಗಿಗಿಳಿಯಿತು. ಅತ್ತೆ ತಿರುವುವುದನ್ನು ನಿಲ್ಲಿಸದೆ, ಎಷ್ಟಾಯ್ತು ಮೇಷ್ಟ್ರೇ ಎಂದು ಕೇಳಿದರು. ಸೊನ್ನೆ ಅತ್ತೆ ಎಂದೆ. ಇನ್ನೆರಡು ಸುತ್ತು ಹಾಕಿ, ಈಗ ಎಂದರು. ಹಲ್ಲು ಕಚ್ಚಿ, ಈಗಲೂ ಸೊನ್ನೆ ಎಂದೆ. ಅತ್ತೆಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ನಕ್ಕು ನಕ್ಕು ಕೈ ಸಡಿಲವಾದರೂ ಪಾತ್ರೆಯನ್ನು ಮಾತ್ರ ಅಲುಗಲು ಬಿಡಲಿಲ್ಲ.

"ಗಟ್ಟಿ ಹಿಡಿ ಕಣೇ," ಎಂದರು ಅತ್ತೆ, "ಇನ್ನು ಮ್ಯಾಕೆ ಇದು ನಿಂದು."